ಕುದುರೆ ಮಸಾಲೆ: ತಳಿಯನ್ನು ಪರೀಕ್ಷಿಸಿ ಬೀಜ ಕೊಳ್ಳಿರಿ



ಜೋಳದ ತಳಿ ಕೈಕೊಟ್ಟರೆ ಮುಂದಿನ ಹಂಗಾಮಿಗೆ ಬೀಜ ಬದಲಾಯಿಸಬಹುದು. ಕುದುರೆ ಮಸಾಲೆ ಸೊಪ್ಪು ಹಾಗಲ್ಲ. ಇದರ ಬಹುವಾರ್ಷಿಕ ತಳಿಯನ್ನು ಒಮ್ಮೆ ಬಿತ್ತಿದರೆ ಮೂರು ನಾಲ್ಕು ವರ್ಷ ಅದೇ ಹೊಲದಲ್ಲಿ ನಿಲ್ಲುತ್ತದೆ. ಆಯ್ಕೆ ತಪ್ಪಿದರೆ ಅಷ್ಟು ವರ್ಷವೂ ನೀರು, ಗೊಬ್ಬರ, ದುಡಿಮೆ ನಷ್ಟ. ಕೊಟ್ಟಿಗೆಯ ಹಸುವಿಗೆ ಅರೆಹೊಟ್ಟೆ.

ರಾಹುರಿಯ ಆರ್.ಎಲ್.-88, ಕೊಯಮತ್ತೂರಿನ ಕೋ-1 ಬಹುವಾರ್ಷಿಕ ತಳಿಗಳು. ಗುಜರಾತಿನ ಆನಂದ್-2 ಒಂದು ವರ್ಷದ ತಳಿ. ನಿಮ್ಮ ಮಣ್ಣಿಗೆ ಯಾವುದು ಒಗ್ಗುವುದೆಂಬುದನ್ನು ನಿಮ್ಮ ಹೊಲವೇ ಹೇಳಬೇಕು.

ಮಡಿಗಳನ್ನು ಮಾಡುವ ಕ್ರಮ: ನೀರು ನಿಲ್ಲದ, ಒಂದೇ ತೆರನಾದ ಮಣ್ಣಿನ ಜಾಗವನ್ನು ಆರಿಸಿರಿ. ಉದ್ದ, ಅಗಲ ಎರಡೂ 16½ ಅಡಿ ಇರುವ ಮಡಿಗಳನ್ನು ಕಟ್ಟಿರಿ. ಇಂಥ ಒಂದು ಮಡಿ ಕಾಲು ಗುಂಟೆಯಾಗುತ್ತದೆ. 60 ಗ್ರಾಂ ಬೀಜ ಸಾಕು. ಪ್ರತಿ ತಳಿಗೂ ಮೂರು ಮಡಿ ಇರಲಿ. ಒಂದೇ ತಳಿಯ ಮಡಿಗಳು ಒಟ್ಟಿಗೆ ಬೇಡ, ಬೆರೆಸಿ ಹಂಚಿರಿ. ಅಕ್ಟೋಬರ್-ನವೆಂಬರಿನಲ್ಲಿ ಎಲ್ಲವನ್ನೂ ಒಂದೇ ದಿನ ಬಿತ್ತಿ, ಸಮನಾಗಿ ಗೊಬ್ಬರ, ನೀರು ಕೊಡಿರಿ.

ತೂಕ ಮಾಡುವ ಕ್ರಮ: ಮೊದಲ ಕೊಯ್ಲು ಸುಮಾರು ಎರಡು ತಿಂಗಳಿಗೆ, ಆ ಮೇಲೆ ತಿಂಗಳಿಗೊಮ್ಮೆ. ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದು ಕೂಡಲೇ ತೂಗಿರಿ. ತೂಕವನ್ನು 160ರಿಂದ ಗುಣಿಸಿದರೆ ಎಕರೆಯ ಇಳುವರಿ ಸಿಗುತ್ತದೆ. ಮಡಿಗೆ 25 ಕಿಲೋ ಬಂದರೆ ಎಕರೆಗೆ 4,000 ಕಿಲೋ.

ಆದರೆ ಒಣಮೇವು ಮಾಡುವವರು ಹಸಿ ತೂಕವನ್ನು ನಂಬಿ ಮೋಸಹೋಗಬಾರದು. ಪ್ರತಿ ಮಡಿಯಿಂದ ಒಂದು ಕಿಲೋ ಸೊಪ್ಪನ್ನು ಎಲೆ ಉದುರದಂತೆ ನೆರಳಿನಲ್ಲಿ ಒಣಗಿಸಿ ಮತ್ತೆ ತೂಗಿರಿ. ಉದಾಹರಣೆಗೆ, 25 ಕಿಲೋ ಕೊಟ್ಟ ತಳಿಯ ಒಂದು ಕಿಲೋ ಒಣಗಿ 200 ಗ್ರಾಂ ಉಳಿದರೆ ಒಣಮೇವು 5 ಕಿಲೋ. 27 ಕಿಲೋ ಕೊಟ್ಟದ್ದು 180 ಗ್ರಾಂ ಉಳಿದರೆ 4 ಕಿಲೋ 860 ಗ್ರಾಂ ಮಾತ್ರ. ಹೆಚ್ಚಾಗಿ ತೂಗಿದ್ದು ನೀರು!

ಮೊದಲ ಕೊಯ್ಲನ್ನೇ ನೋಡಿ ತೀರ್ಮಾನಿಸಬೇಡಿರಿ. ಬೇಗ ಚಿಗುರಿದ ತಳಿ ಮಳೆಗಾಲದಲ್ಲಿ ಬೇರು ಕೊಳೆತು ತೆಳುವಾಗಬಹುದು. ವರ್ಷದ ಎಲ್ಲಾ ಕೊಯ್ಲುಗಳನ್ನು ಕೂಡಿಸಿರಿ. ಮಳೆಗಾಲ ಕಳೆದ ಮೇಲೆ ಉಳಿದ ಗಿಡಗಳನ್ನು ಎಣಿಸಿರಿ.

ಇನ್ನೊಂದು ಎಚ್ಚರಿಕೆ: ಮಡಿಯಲ್ಲಿ ಎಲೆಯಿಲ್ಲದ ಹಳದಿ ದಾರದಂಥ ಬಳ್ಳಿ ಗಿಡಕ್ಕೆ ಸುತ್ತಿಕೊಂಡರೆ ಬೀಜ ಶುದ್ಧವಾಗಿರಲಿಲ್ಲವೆಂದು ಸಂಶಯಪಡಬೇಕು. ಅದು ಗಿಡದ ರಸ ಹೀರುವ ಕಳೆ. ಹತ್ತಿದ ಗಿಡಗಳನ್ನು ಕೂಡಲೇ ಕೊಯ್ದು ಸುಟ್ಟುಬಿಡಿರಿ. ಆ ಚೀಲದ ಬೀಜ ಮತ್ತೆ ಬೇಡ.

ಎರಡು ತಳಿಗಳ ಪರೀಕ್ಷೆಗೆ ಬೇಕಾದುದು ಒಂದೂವರೆ ಗುಂಟೆ ನೆಲ, ಒಂದು ತಕ್ಕಡಿ, ಒಂದು ಪುಸ್ತಕ. ಈ ಹಿಂಗಾರಿನಲ್ಲೇ ಪ್ರಾರಂಭಿಸಿರಿ. ಬರೆದಿಟ್ಟ ಲೆಕ್ಕವನ್ನು ನೆರೆಯವರಿಗೂ ತೋರಿಸಿರಿ.