ಚಿತ್ರದಲ್ಲಿ ರೂಪಕ

ತರಗತಿಯಲ್ಲಿ ನಾವು ಅಲಂಕಾರಗಳನ್ನು ಓದುತ್ತೇವೆ. 'ಅರಸನು ಸೂರ್ಯನಂತೆ' ಎಂದರೆ ಉಪಮೆ. 'ಅರಸನೇ ಸೂರ್ಯ' ಎಂದುಬಿಟ್ಟರೆ ರೂಪಕ. ಇದು ಕವಿಗಳ ಸೊತ್ತು ಮಾತ್ರವಲ್ಲ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಆಸ್ಥಾನ ಚಿತ್ರಕಾರರು ಇದನ್ನೇ ಬಣ್ಣದಲ್ಲಿ ಬರೆದರು. ಅಂಥದೊಂದು ಚಿತ್ರವನ್ನು ಓದೋಣ. 'ಓದೋಣ' ಎಂದದ್ದು ಬೇಕೆಂದೇ.

ಪ್ಯಾರಿಸಿನ ಸಮೀಪದ ವರ್ಸೇಲ್ಸ್ ಅರಮನೆಯಲ್ಲಿ ಕನ್ನಡಿ ಹಜಾರದ ಒಂದು ತುದಿಗೆ ಯುದ್ಧದ ಕೋಣೆ, ಇನ್ನೊಂದು ತುದಿಗೆ ಶಾಂತಿಯ ಕೋಣೆ ಇವೆ. ಶಾಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಮೇಲ್ಗಡೆ ಫ್ರಾಂಸ್ವಾ ಲೆಮ್ವಾನ್ ಎಂಬವನು 1729ರಲ್ಲಿ ಬರೆದ ಅಂಡಾಕಾರದ ಚಿತ್ರವಿದೆ. ಅದರಲ್ಲಿ ಹತ್ತೊಂಬತ್ತು ವರ್ಷದ ಹದಿನೈದನೆಯ ಲೂಯಿ ಪ್ರಾಚೀನ ರೋಮನ್ ವೀರನ ಉಡುಪಿನಲ್ಲಿದ್ದಾನೆ. ಅವನು ಆಲಿವ್ ಮರದ ಕೊಂಬೆಯೊಂದನ್ನು ಒಬ್ಬ ಸ್ತ್ರೀಗೆ ನೀಡುತ್ತಿದ್ದಾನೆ. ಆಕೆ ರಾಣಿಯಲ್ಲ, ಯುರೋಪ್ ಖಂಡ! ಕೊಂಬೆಯೇ ಶಾಂತಿ. ಎರಡು ಹಸುಳೆಗಳನ್ನು ತಂದು ತೋರಿಸುತ್ತಿರುವವರು ಸಂತಾನಸಮೃದ್ಧಿ ಮತ್ತು ಭಕ್ತಿ; ಹಸುಳೆಗಳು ಮಾತ್ರ ನಿಜವಾದವು, 1727ರಲ್ಲಿ ಹುಟ್ಟಿದ ಅರಸನ ಅವಳಿ ಹೆಣ್ಣುಮಕ್ಕಳು. ಇತ್ತ ಕಲಹವೆಂಬವಳು ಜಾನಸ್ ದೇವನ ಗುಡಿಯ ಬಾಗಿಲನ್ನು ತೆರೆಯಲು ಹೆಣಗುತ್ತಿದ್ದಾಳೆ. ಯುದ್ಧಕಾಲದಲ್ಲಿ ಆ ಬಾಗಿಲನ್ನು ತೆರೆದಿಡುವುದೂ ಶಾಂತಿಕಾಲದಲ್ಲಿ ಮುಚ್ಚುವುದೂ ರೋಮಿನ ಸಂಪ್ರದಾಯವಾಗಿತ್ತು. ಇದನ್ನರಿಯದವನಿಗೆ ಅದು ಬರಿಯ ಬಾಗಿಲು. ಯಕ್ಷಗಾನದಲ್ಲಿ ಕಿರೀಟವನ್ನೂ ಮುಖದ ಬಣ್ಣವನ್ನೂ ಕಂಡೊಡನೆ ನಮ್ಮ ಮಕ್ಕಳು ವೇಷವನ್ನು ಗುರುತಿಸುವುದಿಲ್ಲವೇ? ಆಸ್ಥಾನಿಕರಿಗೂ ಈ ವೇಷಗಳು ಹಾಗೆಯೇ ಪರಿಚಿತವಾಗಿದ್ದವು.

ಚಿತ್ರ ಬಲು ಸುಂದರ. ಆದರೆ ಸತ್ಯವೇ? ಐದನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಲೂಯಿ ಅದುವರೆಗೆ ರಣರಂಗವನ್ನೇ ಕಂಡವನಲ್ಲ. ರಾಜ್ಯಭಾರವನ್ನು ನಡೆಸುತ್ತಿದ್ದವನು ವೃದ್ಧ ಮಂತ್ರಿ ಕಾರ್ಡಿನಲ್ ಫ್ಲ್ಯೂರಿ. ಶಾಂತಿಗಾಗಿ ಹೆಚ್ಚು ಶ್ರಮಿಸಿದ ಆ ಮುದುಕನಿಗೆ ರೋಮನ್ ಉಡುಪು ದೊರೆಯಲಿಲ್ಲ. ಅಷ್ಟಲ್ಲದೆ, 1733ರಲ್ಲಿಯೇ ಫ್ರಾನ್ಸ್ ಪೋಲೆಂಡಿನ ಸಿಂಹಾಸನದ ನೆಪದಿಂದ ಯುದ್ಧಕ್ಕಿಳಿಯಿತು. ಗೋಡೆಯ ಮೇಲಿನ ಅರಸ ಮಾತ್ರ ಕೊಂಬೆಯನ್ನು ನೀಡುತ್ತಲೇ ಇದ್ದ. ಕವಿ ಹೊಗಳಿದರೆ ಉತ್ಪ್ರೇಕ್ಷೆಯೆಂದು ನಗುತ್ತೇವೆ, ಚಿತ್ರ ಹೊಗಳಿದರೆ ಕಣ್ಣಾರೆ ಕಂಡೆವೆಂದು ನಂಬುತ್ತೇವೆ.

ಲೆಮ್ವಾನನು ಅದೇ ಅರಮನೆಯ ಬೇರೊಂದು ದೊಡ್ಡ ಕೋಣೆಯ ಒಳಮಾಳಿಗೆಯಲ್ಲಿ ಹರ್ಕ್ಯುಲಿಸ್ ವೀರನು ದೇವಪದವಿಗೇರುವ ದೃಶ್ಯವನ್ನು ಬರೆದು 1736ರಲ್ಲಿ ಮುಗಿಸಿದನು. ಅದರಲ್ಲಿ 142 ಆಕೃತಿಗಳಿವೆ. (ಫ್ಲ್ಯೂರಿಯ ಹೆಸರಿನಲ್ಲಿಯೂ ಒಬ್ಬ 'ಎರ್ಕ್ಯುಲ್' ಇದ್ದನೆಂಬುದು ಸ್ವಾರಸ್ಯದ ಸಂಗತಿ.) ಅರಸನು ಮೆಚ್ಚಿ ಅವನನ್ನು ತನ್ನ ಪ್ರಥಮ ಚಿತ್ರಕಾರನನ್ನಾಗಿ ನೇಮಿಸಿದನು. ಮರುವರ್ಷವೇ ಲೆಮ್ವಾನನು ತೀರಿಕೊಂಡನು.

ಆ ಕೋಣೆಗೂ ಮೈಸೂರಿಗೂ ಒಂದು ನಂಟಿದೆ. 1788ರ ಆಗಸ್ಟ್ 10ರಂದು ಹದಿನಾರನೆಯ ಲೂಯಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳನ್ನು ಬರಮಾಡಿಕೊಂಡದ್ದು ಆ ಹರ್ಕ್ಯುಲಿಸನ ಕೆಳಗೇ. ಇಂಗ್ಲಿಷರ ವಿರುದ್ಧ ಸಹಾಯವನ್ನು ಬೇಡಲು ಅವರು ಸಮುದ್ರ ದಾಟಿ ಹೋಗಿದ್ದರು. ಬೊಕ್ಕಸ ಬರಿದಾಗಿದ್ದ ಅರಸನು ಸೆವ್ರ್ ಪಟ್ಟಣದ ಚೆಲುವಾದ ಪಿಂಗಾಣಿ ಪಾತ್ರೆಗಳನ್ನು ಉಡುಗೊರೆಯಾಗಿ ಕೊಟ್ಟನು. ಸೈನ್ಯವನ್ನು ಕೊಡಲಿಲ್ಲ.