ಬಾನುಲಿಯ ಸಂಗೀತಕ್ಕೆ ಹೆಸರಿಡುವ ಬಗೆ

ನಂದಿಬೆಟ್ಟದ ನೆರೆಯ ಮುದ್ದೇನಹಳ್ಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳವೆಂಬುದನ್ನು ವಾಚಕರು ಬಲ್ಲರು. ಅಲ್ಲಿಯ ವಿದ್ಯಾರ್ಥಿಯೊಬ್ಬನು ರೇಡಿಯೋ ಯಂತ್ರದ ಮುಳ್ಳನ್ನು ಮೆಲ್ಲಮೆಲ್ಲನೆ ತಿರುಗಿಸುತ್ತಾನೆಂದು ಭಾವಿಸೋಣ. ಒಂದೆಡೆ ವೀಣಾವಾದನ, ಮತ್ತೊಂದೆಡೆ ಚಲನಚಿತ್ರಗೀತೆ, ಇನ್ನೊಂದೆಡೆ ಪಾಶ್ಚಾತ್ಯ ಸಂಗೀತ. ಕೆಲವು ನಿಮಿಷಗಳಲ್ಲಿಯೇ ಅವನು ‘ಇದು ಇಂಥ ನಿಲಯ’ ಎಂದು ಗುರುತಿಸಬಲ್ಲನು. ನಿಲಯವೊಂದು ಪ್ರಸಾರಮಾಡುವ ಸಂಗೀತದ ಈ ಸ್ಥಿರವಾದ ಸ್ವರೂಪಕ್ಕೆ ‘ಫಾರ್ಮ್ಯಾಟ್’ ಎಂದು ಹೆಸರು. ಅದನ್ನು ಗೊತ್ತುಮಾಡುವವರು ಯಾರು? ಯಾವ ಆಧಾರದ ಮೇಲೆ?

ತರಂಗವು ವಿಧಿಸುವ ಮಿತಿ

ಮೊದಲನೆಯ ಆಧಾರವು ಭೌತಶಾಸ್ತ್ರದ್ದು. ಬೆಂಗಳೂರು ಆಕಾಶವಾಣಿಯು ಬಹುಕಾಲ ಕೇಳಿಬಂದ ಮಧ್ಯಮ ತರಂಗದ ಆವರ್ತನವು 612 ಕಿಲೋಹರ್ಟ್ಸ್. ಎಂದರೆ ತರಂಗದ ಉದ್ದವು ಸುಮಾರು 490 ಮೀಟರು. ಇಂಥ ತರಂಗವು ನೆಲವನ್ನನುಸರಿಸಿ ಬಹುದೂರ ಸಾಗುತ್ತದೆ. ಆದರೆ ಈ ಪಟ್ಟಿಯಲ್ಲಿ ಒಂದು ನಿಲಯಕ್ಕೂ ಮತ್ತೊಂದಕ್ಕೂ ನಡುವೆ ದೊರೆಯುವ ಅಂತರವು ಕೇವಲ 9 ಕಿಲೋಹರ್ಟ್ಸ್. ಆದುದರಿಂದ ಸುಮಾರು 4.5 ಕಿಲೋಹರ್ಟ್ಸಿಗಿಂತ ಮೇಲಿನ ಧ್ವನಿಗಳು ಬಹುಮಟ್ಟಿಗೆ ಕಡಿದುಹೋಗುತ್ತವೆ. ಮಾತಿಗೆ ಇದು ಸಾಕು. ತಂಬೂರಿಯ ಸೂಕ್ಷ್ಮವಾದ ಉಪಸ್ವರಗಳಿಗೆ ಸಾಲದು.

ಎಫ್‌.ಎಂ. ಪ್ರಸಾರದಲ್ಲಾದರೋ 15 ಕಿಲೋಹರ್ಟ್ಸಿನವರೆಗಿನ ಧ್ವನಿಗಳು ಉಳಿಯುತ್ತವೆ. 100.1 ಮೆಗಾಹರ್ಟ್ಸಿನ ತರಂಗದ ಉದ್ದವು ಸುಮಾರು 3 ಮೀಟರು ಮಾತ್ರ. ಇದು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಬೆಟ್ಟಗಳ ಮರೆಯಲ್ಲಿ ಕ್ಷೀಣಿಸುತ್ತದೆ. ಆದರೂ ಸಂಗೀತಕ್ಕೆ ಇದೇ ಯೋಗ್ಯ. ಬೆಂಗಳೂರಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಆರಂಭವಾದ ‘ಅಮೃತವರ್ಷಿಣಿ’ಗೆ ಎಫ್‌.ಎಂ. ಪಟ್ಟಿಯಲ್ಲಿ ಸ್ಥಾನ ದೊರೆತುದು ಉಚಿತವೇ ಆಗಿದೆ.

ಮನುಷ್ಯನು ವಿಧಿಸುವ ಮಿತಿ

ಎರಡನೆಯ ಆಧಾರವು ಮಾನವನ ತೀರ್ಮಾನ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಈ ಹೆಸರನ್ನೇ ಮುಂದೆ ಇಡೀ ದೇಶದ ಪ್ರಸಾರಸಂಸ್ಥೆಯು ಸ್ವೀಕರಿಸಿತು. ಅದು ಸಂಗೀತವನ್ನು ಶಾಸ್ತ್ರೀಯ, ಸುಗಮ, ಜಾನಪದ, ಭಕ್ತಿ, ಚಲನಚಿತ್ರ ಎಂದು ವಿಂಗಡಿಸಿತು. ಕಲಾವಿದರು ಧ್ವನಿಪರೀಕ್ಷೆಗೆ ಬರುವಾಗಲೂ ತಮ್ಮ ವಿಭಾಗವನ್ನು ಮೊದಲೇ ಸೂಚಿಸಬೇಕು. ಹೀಗೆ ಹೆಸರು ಕೇವಲ ಚೀಟಿಯಲ್ಲ. ಯಾರು ಹಾಡಬೇಕು, ಎಷ್ಟು ಹೊತ್ತು ಹಾಡಬೇಕು ಎಂಬುದನ್ನು ನಿರ್ಣಯಿಸುವ ಅಧಿಕಾರವೂ ಅದಕ್ಕುಂಟು.

ಈ ಅಧಿಕಾರದ ಬಲವನ್ನು ಇತಿಹಾಸವು ತೋರಿಸಿಕೊಟ್ಟಿದೆ. 1952ರ ಬಳಿಕ ಸಚಿವ ಬಿ. ವಿ. ಕೇಸ್ಕರರ ಕಾಲದಲ್ಲಿ ಆಕಾಶವಾಣಿಯಿಂದ ಚಲನಚಿತ್ರಗೀತೆಗಳು ಬಹುಮಟ್ಟಿಗೆ ಮರೆಯಾದುವು. ಕೇಳುಗರು ಗೀತೆಗಳನ್ನು ತೊರೆಯಲಿಲ್ಲ. ನಿಲಯವನ್ನೇ ತೊರೆದು ರೇಡಿಯೋ ಸಿಲೋನಿನ ಕಡೆಗೆ ಮುಳ್ಳನ್ನು ತಿರುಗಿಸಿದರು. ಕಡೆಗೆ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ಯು ಜನ್ಮತಾಳಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌.ಎಂ. ನಿಲಯವು ಆರಂಭವಾದ ಮೇಲೆ ವಿಂಗಡಣೆಯ ಅಧಿಕಾರದಲ್ಲಿ ಜಾಹೀರಾತುದಾರನೂ ಪಾಲುಗಾರನಾದನು. ಸಂಗೀತದ ಲಕ್ಷಣಕ್ಕಿಂತ ಕೇಳುಗನ ವಯಸ್ಸು, ಭಾಷೆ, ಕೇಳುವ ವೇಳೆಗಳು ಇಲ್ಲಿ ಮುಖ್ಯವಾದುವು.

ಸಂಖ್ಯೆಯಾದ ಹೆಸರು

ಇಂದು ಈ ಹೆಸರನ್ನು ಯಂತ್ರವೂ ಓದಬಲ್ಲುದು. ಎಫ್‌.ಎಂ. ತರಂಗದೊಡನೆ ಕಿವಿಗೆ ಕೇಳಿಸದ ಸಂಕೇತವೊಂದನ್ನು ಕಳುಹಿಸುವ ‘ಆರ್‌.ಡಿ.ಎಸ್‌.’ ಎಂಬ ಪದ್ಧತಿಯಿದೆ. ಕಾರ್ಯಕ್ರಮದ ಬಗೆಯನ್ನು ತಿಳಿಸಲು ಇದರಲ್ಲಿ ಐದು ದ್ವಿಮಾನ ಅಂಕಗಳನ್ನು ಮೀಸಲಿಟ್ಟಿದೆ. ಪ್ರತಿಯೊಂದಕ್ಕೂ 0 ಅಥವಾ 1 ಎಂಬ ಎರಡೇ ಬೆಲೆಗಳಿರುವುದರಿಂದ ಐದರಿಂದ ದೊರೆಯುವ ಸಂಕೇತಗಳು 32 ಮಾತ್ರ. ಯುರೋಪಿನ ಪಟ್ಟಿಯಲ್ಲಿ 14 ಎಂದರೆ ಗಂಭೀರ ಶಾಸ್ತ್ರೀಯ ಸಂಗೀತ. ಅಮೆರಿಕದ ಪಟ್ಟಿಯಲ್ಲಿ ಅದೇ 14 ಎಂದರೆ ಜಾಝ್! ಹೆಸರುಗಳು ನಿಸರ್ಗನಿಯಮಗಳಲ್ಲ, ಮನುಷ್ಯರ ಒಪ್ಪಂದಗಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪುರಂದರದಾಸರ ಒಂದು ಪದವನ್ನೇ ತೆಗೆದುಕೊಳ್ಳಿರಿ. ಮೃದಂಗ, ಪಿಟೀಲುಗಳೊಡನೆ ಕಚೇರಿಯಲ್ಲಿ ಹಾಡಿದರೆ ಅದು ಶಾಸ್ತ್ರೀಯ; ಭಜನಮಂದಿರದಲ್ಲಿ ಹಾಡಿದರೆ ಭಕ್ತಿಸಂಗೀತ; ಚಿತ್ರದಲ್ಲಿ ಅಳವಡಿಸಿದರೆ ಚಿತ್ರಗೀತೆ. ಸಾಹಿತ್ಯವು ಒಂದೇ, ಪೆಟ್ಟಿಗೆಗಳು ಮೂರು. ವಿಂಗಡಣೆಯಿಲ್ಲದೆ ನಿಲಯವು ನಡೆಯಲಾರದು, ನಿಜ. ಆದರೆ ಯಾವ ಪೆಟ್ಟಿಗೆಗೂ ಹೊಂದದ ಹಾಡು ಪ್ರಸಾರವಾಗದೆ ಉಳಿದರೆ, ಕಾಲಕ್ರಮದಲ್ಲಿ ಅದು ಜನರ ಕಿವಿಯಿಂದಲೂ ನೆನಪಿನಿಂದಲೂ ದೂರವಾಗುವ ಅಪಾಯವಿದೆ.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಒಂದು ವಾರ ಎರಡು ನಿಲಯಗಳನ್ನು ಗೊತ್ತಾದ ವೇಳೆಯಲ್ಲಿ ಕೇಳಿ, ಪ್ರತಿಯೊಂದು ಹಾಡಿನ ಭಾಷೆ, ವಾದ್ಯ, ಲಯ, ಕಾಲಗಳನ್ನು ಬರೆದಿಡಿರಿ. ನಿಲಯವು ತನ್ನನ್ನು ಕರೆದುಕೊಳ್ಳುವ ಹೆಸರಿಗೂ ನಿಮ್ಮ ಪಟ್ಟಿಗೂ ಎಷ್ಟು ಹೊಂದಿಕೆಯಿದೆಯೆಂಬುದನ್ನು ಆಮೇಲೆ ಪರೀಕ್ಷಿಸಿರಿ. ಹೆಸರನ್ನು ನಂಬುವ ಮೊದಲು ವಸ್ತುವನ್ನು ಅಳೆದುನೋಡುವುದೇ ವಿಜ್ಞಾನದ ಮಾರ್ಗ.