ಚೌಕಗಳಲ್ಲಿ ಅಕ್ಷರ

ವಿದ್ಯಾರ್ಥಿಗಳೇ, ನಮ್ಮ ಸೇಲಂನಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರ ಮನೆಗಳಿವೆ. ನೇಯುವ ಸೀರೆಯ ಅಂಚಿನಲ್ಲಿ ಹಂಸ ಬರಬೇಕಾದರೆ, ಮೊದಲು ಅದನ್ನು ಚೌಕಗಳಿರುವ ಕಾಗದದ ಮೇಲೆ ಬರೆದುಕೊಳ್ಳುವುದು ಕಸುಬಿನ ಕ್ರಮ. ತುಂಬಿದ ಚೌಕವಿದ್ದಲ್ಲಿ ಹಾಸಿನ ಎಳೆ ಮೇಲೇಳಬೇಕು. ಖಾಲಿ ಇದ್ದಲ್ಲಿ ಕೆಳಗೇ ಇರಬೇಕು. ನೇಯ್ದು ಮುಗಿದ ಮೇಲೆ ದೂರದಿಂದ ನೋಡುವವರಿಗೆ ಚೌಕಗಳು ಕಾಣುವುದಿಲ್ಲ, ಹಂಸವೇ ಕಾಣುತ್ತದೆ.

ಹಳೆಯ ಗಣಕಯಂತ್ರದ ಪರದೆಯ ಮೇಲೆ ಅಕ್ಷರ ಮೂಡುತ್ತಿದ್ದುದೂ ಹೀಗೆಯೇ. ಪರದೆಯ ಒಂದೊಂದು ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. 1980ರಲ್ಲಿ ಜಪಾನಿನಲ್ಲಿ ಹೊರಬಂದ ಪ್ಯಾಕ್‌ಮ್ಯಾನ್ ಆಟದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅಡ್ಡ 8, ಉದ್ದ 8, ಒಟ್ಟು 64 ಚೌಕಗಳ ಪೆಟ್ಟಿಗೆ. ಇಂಥ ಪೆಟ್ಟಿಗೆಯ ಅಕ್ಷರವನ್ನು ಒಂದೇ ಬಣ್ಣದಲ್ಲಿ ಬರೆದಿಡುವುದಾದರೆ ಬೆಳಗುವ ಚೌಕಕ್ಕೆ 1, ಬೆಳಗದ ಚೌಕಕ್ಕೆ 0. ಒಂದು ಸಾಲಿಗೆ ಒಂದು ಬೈಟ್. ಇಡೀ ಅಕ್ಷರಕ್ಕೆ ಕೇವಲ 8 ಬೈಟ್. ಯಂತ್ರದ ನೆನಪಿನ ಶಕ್ತಿ ಬಹಳ ಕಡಿಮೆಯಿದ್ದ ಕಾಲದಲ್ಲಿ ಇಂಥ ಮಿತವ್ಯಯ ಅನಿವಾರ್ಯವಾಗಿತ್ತು. ಆ ಮೆಟ್ಟಿಲು ಮೆಟ್ಟಿಲಾದ ಅಕ್ಷರಗಳ ಚೆಲುವಿಗೆ ಮನಸೋತವರು ಇಂದಿಗೂ ‘ಪ್ರೆಸ್ ಸ್ಟಾರ್ಟ್ 2ಪಿ’ಯಂಥ ಅಕ್ಷರಮಾದರಿಗಳನ್ನು ಬಳಸುತ್ತಾರೆ.

ಈಗ ನಿಮ್ಮ ಗಣಿತದ ಚೌಕದ ಪುಸ್ತಕ ತೆಗೆಯಿರಿ. 8 ಚೌಕಗಳ ಪೆಟ್ಟಿಗೆಯಲ್ಲಿ ಬಲಗಡೆಯ ಒಂದು ಸಾಲನ್ನು ಪಕ್ಕದ ಅಕ್ಷರಕ್ಕೆ ತಾಗದಂತೆ ಖಾಲಿ ಬಿಟ್ಟು, ‘ರ’ ಅಕ್ಷರವನ್ನು ತುಂಬಿರಿ. ಅದರ ಹೊಟ್ಟೆಯ ನಡುವೆ ಒಂದೇ ಒಂದು ಚೌಕ ತುಂಬಿದರೆ ಅದು ‘ಠ’ ಆಗುತ್ತದೆ. ಆ ಒಂದು ಚೌಕ ಮರೆತರೆ ‘ಮಠ’ ಹೋಗಿ ‘ಮರ’ ನಿಲ್ಲುತ್ತದೆ! ಬರವಣಿಗೆಯಲ್ಲಿ ಚುಕ್ಕೆ, ಸೀಳುಗಳನ್ನು ಅಲಕ್ಷಿಸಬಾರದೆಂದು ಉಪಾಧ್ಯಾಯರು ಹೇಳುವುದು ಸುಮ್ಮನೆ ಅಲ್ಲ.

ಮುಂದೆ ‘ರಾಷ್ಟ್ರ’ ಎಂದು ಬರೆಯಲು ಯತ್ನಿಸಿರಿ. ‘ಷ’ಕಾರದಲ್ಲೇ ಪೆಟ್ಟಿಗೆ ಮುಗಿಯಿತು, ಕೆಳಗಿನ ಎರಡು ಒತ್ತುಗಳಿಗೆ ಸ್ಥಳವೆಲ್ಲಿ? ಕನ್ನಡ ಲಿಪಿ ಕ್ಲಿಷ್ಟ, ಯಂತ್ರಕ್ಕೆ ಒಗ್ಗದು ಎಂಬ ಮಾತನ್ನು ಪೋಷಕರಲ್ಲಿ ಹಲವರು ಕೇಳಿರಬಹುದು. ಆದರೆ ತಪ್ಪು ಅಕ್ಷರದ್ದಲ್ಲ. ಒತ್ತುಗಳಿಲ್ಲದ ಇಂಗ್ಲಿಷಿಗೆ ಸಾಲುವ ಪೆಟ್ಟಿಗೆ ಅದು. ಎತ್ತರವನ್ನು 16 ಚೌಕಗಳಿಗೆ ಏರಿಸಿ ನೋಡಿರಿ; ಮೇಲೆ ಗುಡಿಸಿಗೂ ಕೆಳಗೆ ಒತ್ತಿಗೂ ಎಡೆ ದೊರೆಯುತ್ತದೆ.

ತಿಳಿದವರು ಮಾಡಿದ್ದೂ ಅದನ್ನೇ: ಅಕ್ಷರವನ್ನು ಕತ್ತರಿಸದೆ ಯಂತ್ರವನ್ನು ತಿದ್ದಿದರು. 1980ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ‘ಜಿಸ್ಟ್’ ತಂತ್ರಜ್ಞಾನ ಕನ್ನಡವೂ ಸೇರಿದಂತೆ ಭಾರತದ ಲಿಪಿಗಳನ್ನು ಗಣಕದ ಪರದೆಗೆ ತಂದಿತು. 1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆಯಿತು. ಇಂದು ಮನೆಯ ಮೊಬೈಲಿನಲ್ಲಿ ‘ರಾಷ್ಟ್ರ’ ಎಂಬ ಪದ ಒತ್ತುಗಳ ಸಮೇತ ಮೂಡುತ್ತದೆ.

ಗಡಿಯಾಚೆ ಕನ್ನಡ ಕಲಿಯುತ್ತಿರುವ ಮಕ್ಕಳೇ, ನಮ್ಮ ಅಕ್ಷರಕ್ಕೆ ಎಲ್ಲಿಯಾದರೂ ಸ್ಥಳ ಸಾಲದೆಂದು ಕಂಡರೆ ಎದೆಗುಂದಬೇಡಿರಿ. ಅಕ್ಷರಕ್ಕಾಗಿ ಪೆಟ್ಟಿಗೆಯೇ ಹೊರತು ಪೆಟ್ಟಿಗೆಗಾಗಿ ಅಕ್ಷರವಲ್ಲ. ಈ ರಜೆಯಲ್ಲಿ ನಿಮ್ಮ ಹೆಸರನ್ನು ಚೌಕಗಳಲ್ಲಿ ಬರೆದು ತನ್ನಿರಿ. ಎಷ್ಟು ಚೌಕ ಬೇಕಾದವೆಂದು ಎಣಿಸಿ ಹೇಳಿರಿ.